ಹೆಸರು ಹೇಳದೆ ಶುರುವಾದ ಭಾಷಣ

ಅತ್ತೆಯ ಹಸಿರು ಇಳಕಲ್ ಸೀರೆಯ ಸೆರಗಿನ ತುದಿಯಲ್ಲಿ, ಅಂಗಡಿಯವರು ಬೆಲೆಚೀಟಿ ಕಟ್ಟಿದ್ದ ಬಿಳಿ ದಾರ ಇನ್ನೂ ಉಳಿದಿತ್ತು. ವೇದಿಕೆಯಲ್ಲಿ ಅವಳ ಪಕ್ಕದಲ್ಲೇ ಕೂತಿದ್ದ ನನಗೆ ಅದನ್ನು ಕಿತ್ತು ಹಾಕಬೇಕೆನಿಸಿತು. ಅಷ್ಟು ಜನರ ಎದುರು ಕೈ ಚಾಚಲು ಸಂಕೋಚವಾಗಿ ಸುಮ್ಮನಾದೆ.

ಕುಲಗೋಡದ ಮಹಿಳೆಯರ ಹಾಲಿನ ಸಂಘದ ವಾರ್ಷಿಕ ಸಭೆ ಅದು. ಅತ್ತೆ, ಅಂದರೆ ಅಪ್ಪನ ತಂಗಿ, ಆ ವರ್ಷ ಸಂಘದ ಅಧ್ಯಕ್ಷೆಯಾಗಿದ್ದಳು. ಅವಳ ಗಂಡನ ಮನೆಯಲ್ಲಿ ಇದು ಯಾರಿಗೂ ಒಪ್ಪಿಗೆಯಿರಲಿಲ್ಲ. ತನ್ನ ಹೆಂಡತಿಯನ್ನು ಆ ಕುರ್ಚಿಯಲ್ಲಿ ಕೂರಿಸಬೇಕೆಂದಿದ್ದ ಅವಳ ಮೈದುನನಂತೂ ಅತ್ತಿಗೆಯ ಬಗ್ಗೆ "ನಮ್ಮ ವೈನಿಗೆ ಒಂದ ಸಹಿ ಮಾಡಾಕ ಅರ್ಧಾ ತಾಸ ಬೇಕು" ಎಂದು ಊರನ್ನೆಲ್ಲ ನಗಿಸುತ್ತಿದ್ದ. ಅದಕ್ಕೇ ಅತ್ತೆ ಗೋಕಾಕಿಗೆ ಫೋನ್ ಮಾಡಿ ನನ್ನನ್ನು ಭಾಷಣಕ್ಕೆ ಕರೆದದ್ದು. "ನೀ ಕಲ್ತಾಕಿ. ನಿನ್ನ ಬಾಯಾಗಿಂದ ಬಂದ್ರ ಮಂದಿ ನಂಬ್ತಾರ."

ಎದುರು ಇಬ್ಬರು ಕೂತರೆ ನನಗೆ ಮಾತು ಹೊರಡುವುದಿಲ್ಲ. ಇನ್ನೂರು ಜನರಿದ್ದರೆ ಹೊರಡುತ್ತದೆ, ಯಾರೂ ತಿರುಗಿ ಏನೂ ಕೇಳುವುದಿಲ್ಲವಲ್ಲ. ವಿಶ್ವವಿದ್ಯಾಲಯದ ಭಾಷಣ ಸ್ಪರ್ಧೆಗಳಲ್ಲಿ ಕೇಳುಗರನ್ನು ಹಿಡಿದಿಡುವುದನ್ನು ಕಲಿತಿದ್ದೆ. ಕೊನೆಯ ಸಾಲಿನವರನ್ನು ನೋಡಿ ಮಾತಾಡಬೇಕು. ಮುಖ್ಯವಾದದ್ದನ್ನು ಹೇಳುವ ಮುನ್ನ ಕ್ಷಣ ನಿಲ್ಲಬೇಕು. ಎಲ್ಲಕ್ಕಿಂತ ಮೊದಲು, ವೇದಿಕೆಯ ಮೇಲಿದ್ದವರ ಹೆಸರು ಹೇಳುತ್ತ ಜನರನ್ನು ದಣಿಸದೆ ನೇರ ಕಥೆಗೆ ಇಳಿಯಬೇಕು.

ನನಗಿಂತ ಮೊದಲು ಮಾತಾಡಿದವರೆಲ್ಲ ಆ ಕಡೆಯ ವಾಡಿಕೆಯಂತೆ ಅಧ್ಯಕ್ಷರ ಹೆಸರಿನಿಂದಲೇ ಆರಂಭಿಸಿದ್ದರು. ನಾನು ನೇರ ಕಥೆಗೆ ಇಳಿದೆ. ನಸುಕಿನಲ್ಲಿ ಎದ್ದು ಎಮ್ಮೆ ಹಿಂಡುವ ಹೆಂಗಸಿನ ಕಥೆ. ಹಿಂದಿನ ಗಲಾಟೆ ನಿಂತಿತು. ದನಿ ತಗ್ಗಿಸಿದಾಗ ಮುಂದೆ ಬಾಗಿ ಕೇಳಿದರು. ನಕ್ಕರು, ಒಬ್ಬಳು ಕಣ್ಣೊರೆಸಿಕೊಂಡಳು. ಚಪ್ಪಾಳೆಯ ನಡುವೆ ಬಂದು ಕೂತಾಗ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಅತ್ತೆ ಕೂಡ ಚಪ್ಪಾಳೆ ತಟ್ಟುತ್ತಿದ್ದಳು, ನನ್ನ ಕಡೆ ನೋಡದೆ.

ಸಭೆ ಮುಗಿದು ಶಿರಾ, ಉಪ್ಪಿಟ್ಟು ಹಂಚುವಾಗ ಮೈದುನ ತಟ್ಟೆ ಹಿಡಿದು ಬಂದ. "ಏನ್ರಿ ವೈನಿ, ಹೊರಗಿನವ್ರೆಲ್ಲ ಅಧ್ಯಕ್ಷರು, ಅಧ್ಯಕ್ಷರು ಅಂದ್ರು. ನಿಮ್ಮ ಅಣ್ಣನ ಮಗಳು ಹೆಸರ ತಗೀಲಿಲ್ಲಲ್ಲ? ಮನಿಯಾಕಿಗೆ ಖರೆ ಗೊತ್ತಿರ್ತೈತಿ ಬಿಡ್ರಿ."

ಸುತ್ತಲಿದ್ದ ಹೆಂಗಸರು ನಕ್ಕರು. "ಶಿರಾ ಆರ್ತೈತಿ, ತಿನ್ರಿ" ಎಂದಳು ಅತ್ತೆ. ಅದು ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ನಾಲ್ಕೈದು ಮುಖಗಳು ನನ್ನತ್ತ ತಿರುಗಿದವು. ತೆರೆದ ಬಾಯಿಗೆ ಒಂದು ತುತ್ತು ಉಪ್ಪಿಟ್ಟು ಇಟ್ಟುಕೊಂಡೆ.

ಬಸ್‌ಸ್ಟ್ಯಾಂಡಿನವರೆಗೆ ಅತ್ತೆ ಕಳಿಸಲು ಬಂದಳು. "ಛಲೋ ಮಾತಾಡಿದಿ ಬಿಡ. ಹಿಂದಿನ ಮಂದಿನೂ ಸುಮ್ಮನ ಕುಂತಿತ್ತು." ಆಮೇಲೆ ತಾನೇ ನಕ್ಕಳು. "ನೀ ಎದ್ದಕೂಡ್ಲೆ ನನ್ನ ಹೆಸರ ಅಂತಿ ಅಂತ ಸೆರಗ ಸರಿ ಮಾಡ್ಕೊಂಡ ಕುಂತಿದ್ನಿ ನೋಡು, ಹುಚ್ಚಿ ನಾ."

"ಅತ್ತಿ, ನಮಗ ಹಂಗ ಕಲಿಸ್ಯಾರ..."

"ಇರ್ಲಿ ತಗೋ. ಬಸ್ ಬಂತು, ಹತ್ತು."

ಕಿಟಕಿಯ ಪಕ್ಕ ಕೂತಾಗ ಕಿವಿ ಸುಡುತ್ತಿತ್ತು. ಮರೆತಿದ್ದರೆ ಸಮಾಧಾನವಿರುತ್ತಿತ್ತು. ನಾನು ಮರೆತಿರಲಿಲ್ಲ, ಆ ಹೆಸರು ಭಾಷಣಕ್ಕೆ ಭಾರ ಎಂದು ಮನೆಯಲ್ಲೇ ತೀರ್ಮಾನಿಸಿ ಬಂದಿದ್ದೆ. ಕೊನೆಯ ಸಾಲಿನವರ ಮುಖಗಳೆಲ್ಲ ನೆನಪಿದ್ದವು. ಮಾತಾಡುವಾಗ ಪಕ್ಕದಲ್ಲಿದ್ದವಳ ಮುಖ ಹೇಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಇನ್ನು ಅವಳು ಸಂಘದಲ್ಲಿ ಏನೇ ಹೇಳಹೊರಟರೂ ಮೈದುನ ಈ ಮಾತನ್ನು ಎತ್ತುತ್ತಾನೆ ಎಂಬುದಂತೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮತ್ತೆ ಕುಲಗೋಡಕ್ಕೆ ಹೋದೆ. ಸಂಘದಲ್ಲಿ ಹಾಲು ಹಾಕುವ ಹೊತ್ತು. ಹೆಂಗಸರು ಕ್ಯಾನ್ ಹಿಡಿದು ನಿಂತಿದ್ದರು, ಅವರ ನಡುವೆ ಮೈದುನನೂ ಇದ್ದ. ಅತ್ತೆ ಒಳಗೆ ಹಾಲು ಅಳೆಯುವಲ್ಲಿ ನಿಂತಿದ್ದಳು. ನಾನು ಬಾಗಿಲಲ್ಲಿ ನಿಂತು "ನಿನ್ನಿ ನಾ ಒಂದ ತಪ್ಪ ಮಾಡೀನ್ರಿ" ಎಂದೆ. 

"ಏನಂತ್ರಿ? ಜೋರ ಹೇಳ್ರಿ, ಕೇಳ್ಸವಲ್ದು" ಎಂದಳು ಒಬ್ಬಳು.

ನಾನು ಅತ್ತೆಯ ಹೆಸರನ್ನು ಮನೆತನದ ಅಡ್ಡಹೆಸರಿನ ಸಮೇತ ಹೇಳಿದೆ. ಈ ಸಂಘದ ಅಧ್ಯಕ್ಷರು ಎಂದೆ. ಮುಂದೆ ಏನೂ ಹೊರಡದೆ, ಅವಳ ಕಡೆ ತಿರುಗಿ ಕೈ ಮುಗಿದೆ.