ಪಾಸ್‌ವರ್ಡ್ ಬದಲಿಸಿದ ಮೇಲೆ

ಪ್ರತಿಮಾ ಹುಟ್ಟಿದ ಊರು ಬೀಳಗಿ ತಾಲೂಕಿನಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಊರು ಬಿಟ್ಟು ಏಳಬೇಕಾಗಿ ಬಂದಾಗ ಅವಳಿನ್ನೂ ಸಾಲಿ ಹುಡುಗಿ. ಪುನರ್ವಸತಿಯ ಹೊಸ ಮನೆಗೆ ಬಂದು ಸ್ವಲ್ಪ ದಿನಕ್ಕೆ ಅಪ್ಪ ತೀರಿಕೊಂಡ. ಅವ್ವ ಮುದಕವ್ವ ಮಗಳನ್ನು ಕರೆದುಕೊಂಡು ತವರೂರು ಬನಹಟ್ಟಿಗೆ ಬಂದಳು. ಸೀರೆ ವ್ಯಾಪಾರಿ ಶಂಕರೆಪ್ಪನವರು ಕೊಡುವ ನೂಲನ್ನು ರಾಟೆಯಲ್ಲಿ ಮಗ್ಗದ ಕಂಡಿಕೆಗಳಿಗೆ ಸುತ್ತಿಕೊಟ್ಟು, ಆ ಕೂಲಿಯಿಂದ ಮಗಳನ್ನು ಓದಿಸಿದಳು.

ಓದು ಮುಗಿದ ಮೇಲೆ ಶಂಕರೆಪ್ಪನವರೇ ಪ್ರತಿಮಾಳನ್ನು ತಮ್ಮ ಆಫೀಸಿಗೆ ಕರೆದರು. ಸೀರೆಯ ಸೆರಗು, ದಡಿಗಳ ಡಿಸೈನನ್ನು ಅವಳು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಳು. ಬರೆದದ್ದನ್ನು ಮೇಲ್ ಮಾಡಿದರೆ ಸೀರೆ ಕೊಳ್ಳುವ ಸೊಲ್ಲಾಪುರದ ವ್ಯಾಪಾರಿ ಅದರಲ್ಲೇ ತಿದ್ದಿ ವಾಪಸ್ ಕಳಿಸುತ್ತಿದ್ದ. ಆಮೇಲೆ ಅದು ಮಗ್ಗಕ್ಕೆ ಹೋಗುತ್ತಿತ್ತು. ನವಿಲಿನ ಕುತ್ತಿಗೆ ಬಳ್ಳಿಯಾಗಿ ಹೊರಳುವ ಒಂದು ಸೆರಗನ್ನು ಅವಳು ಬರೆದಾಗ ಶಂಕರೆಪ್ಪ ಬಂದವರಿಗೆಲ್ಲ ತೋರಿಸಿದ್ದರು. "ನಮ್ಮ ಪ್ರತಿಮಾ ಬರದದ್ದು ನೋಡ್ರಿ" ಅಂದಿದ್ದರು.

ಎರಡು ಸಾವಿರದ ಹನ್ನೊಂದರಲ್ಲಿ ಅದೇ ಸೆರಗಿನ ಸೀರೆ ಮುಧೋಳದ ಅಂಗಡಿಯೊಂದರಲ್ಲಿ ಸಿಕ್ಕಿತು. ಶಂಕರೆಪ್ಪನವರ ಮಗ್ಗದಿಂದ ಒಂದು ಸೀರೆಯೂ ಇನ್ನೂ ಇಳಿದಿರಲಿಲ್ಲ. ನವಿಲಿನ ಕಣ್ಣಿನ ಹತ್ತಿರ ಸೊಲ್ಲಾಪುರದವನು ತಿದ್ದುವಾಗ ಸೇರಿಸಿದ್ದ ಚುಕ್ಕೆಯೂ ಆ ಸೀರೆಯಲ್ಲಿತ್ತು.

ಆಫೀಸಿನ ಮೇಲ್‌ನ ಪಾಸ್‌ವರ್ಡ್ ಅಂಗಡಿಯ ಹೆಸರೇ ಆಗಿತ್ತು. ಗುಮಾಸ್ತನಿಗೆ ಗೊತ್ತು, ಸಾಗಾಣಿಕೆಯವನಿಗೆ ಗೊತ್ತು, ಮೊದಲು ಆ ಮೇಲ್ ತೆರೆದುಕೊಟ್ಟಿದ್ದ ಶಂಕರೆಪ್ಪನವರ ಅಳಿಯ ಈಶ್ವರನಿಗೂ ಗೊತ್ತು. ಈಶ್ವರ ಮಾವನ ವ್ಯಾಪಾರದಿಂದ ಬೇರೆಯಾಗಿ ಮಹಾಲಿಂಗಪುರದಲ್ಲಿ ಸ್ವಂತ ಮಗ್ಗ ಹಾಕಿದ್ದ. ಪ್ರತಿಮಾ ತಾನಾಗಿಯೇ ಹೇಳಿದಳು: "ಪಾಸ್‌ವರ್ಡ್ ಬದಲಿ ಮಾಡೂನ್ರಿ. ನನಗ ಒಬ್ಬಾಕಿಗೇ ಗೊತ್ತಿರಲಿ. ಇನ್ನ ಮ್ಯಾಲ ಏನರ ಹೊರಗ ಹೋದ್ರ ನನ್ನ ಕೇಳ್ರಿ."

ಶಂಕರೆಪ್ಪ ಒಪ್ಪಿದರು. ಅವಳು ಯಾರೂ ಊಹಿಸಲಾರದಂಥ ಉದ್ದನೆಯ ಪಾಸ್‌ವರ್ಡ್ ಹಾಕಿದಳು. ಅವ್ವನಿಗೂ ಹೇಳಲಿಲ್ಲ.

ದೀಪಾವಳಿಗೆಂದು ಬರೆದ ಹೊಸ ಡಿಸೈನೂ ಹೊರಗೆ ಹೋಯಿತು.

ಆ ಡಿಸೈನಿನ ಸೀರೆಯನ್ನು ಶಂಕರೆಪ್ಪ ಅವಳ ಮೇಜಿನ ಮೇಲೆ ಹಾಸಿದರು. ಕೂಗಾಡಲಿಲ್ಲ. "ನೀನ ಹೇಳಿದ್ದಿ, ನನ್ನ ಕೇಳ್ರಿ ಅಂತ. ಈಗ ಕೇಳಾಕತ್ತೇನಿ. ಯಾರಿಗೆ ಮಾರಿದಿ?"

"ನಾ ಮಾರಿಲ್ರಿ."

"ಪಾಸ್‌ವರ್ಡ್ ಮತ್ತ ಯಾರಿಗರ ಗೊತ್ತೈತೇನು?"

ಅವಳು ಖರೆ ಹೇಳಿದಳು. "ಇಲ್ರಿ."

ಅಷ್ಟಕ್ಕೆ ಮುಗಿಯಿತು. ಶಂಕರೆಪ್ಪ ಬಾಗಿಲಿನ ಕಡೆ ಕೈ ತೋರಿಸಿದರು. ಅವಳು ಕಟ್ಟೆ ಇಳಿಯುವಾಗ, ಬೀದಿಯಲ್ಲಿ ಗಾಡಿಯಿಂದ ನೂಲು ಇಳಿಸುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ಉಂಡ ಮನಿಗೇ ಕನ್ನ ಹಾಕಿದ್ಲು!"

ಮರುದಿನದಿಂದ ಮುದಕವ್ವನಿಗೆ ನೂಲು ಬರುವುದು ನಿಂತಿತು. ರಾಟೆ ಖಾಲಿ ನಿಂತ ಮನೆಯಲ್ಲಿ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಪ್ರತಿಮಾ ರಬಕವಿಯಲ್ಲಿ ಕೆಲಸ ಕೇಳಿದಳು, ತೇರದಾಳಕ್ಕೆ ಹೋದಳು. ಎಲ್ಲ ಕಡೆಯೂ ನೀರು ಕೊಟ್ಟರು, ಕೂಡ್ರಿಸಿದರು, ಹೆಸರು ಕೇಳಿದರು, ಆಮೇಲೆ ಕೆಲಸ ಇಲ್ಲ ಅಂದರು. ನೇಕಾರಿಕೆಯ ಊರುಗಳಲ್ಲಿ ಡಿಸೈನ್ ಮಾರಿದವಳೆಂಬ ಮಾತು ಅವಳಿಗಿಂತ ಮುಂಚೆ ತಲುಪಿರುತ್ತಿತ್ತು.

ಒಂದು ಸಂಜೆ ಮುದಕವ್ವ ಮೆಲ್ಲಗೆ ಕೇಳಿದಳು: "ಖರೆ ಹೇಳವ್ವಾ. ನನಗರ ಹೇಳು. ಡಿಸೈನ್ ಯಾರಿಗರ ಕೊಟ್ಟಿದ್ದೇನು?"

ಪ್ರತಿಮಾ ಎದ್ದು ಹಿತ್ತಲಿಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತಳು. ನಿದ್ದೆಯಲ್ಲಿ ತಾನೇ ಕಳಿಸಿರಬಹುದೇ ಎಂಬ ಹುಚ್ಚು ವಿಚಾರ ಕೂಡ ಅವಳಿಗೆ ಆಗ ಬಂತು.

ಜಮಖಂಡಿಯಲ್ಲಿ ಅವಳಿಗೆ ಕಂಪ್ಯೂಟರ್ ಕಲಿಸಿದ್ದ ಅಜಯ ಸರ್ ಇದ್ದರು. ಕೆಲಸ ಕೇಳಲೆಂದು ಹೋದವಳು ಅವರ ಮುಂದೆ ಎಲ್ಲವನ್ನೂ ಹೇಳಿ ಅತ್ತಳು. ಅವರು ಕೇಳಿದ್ದು ಒಂದೇ: "ಫಾರ್ವರ್ಡ್ ನೋಡಿದೇನು?"

"ಅಂದ್ರೇನ್ರಿ?"

"ಬಂದ ಪ್ರತಿ ಮೇಲ್‌ನ ಒಂದು ನಕಲು ತಾನಾಗೇ ಬ್ಯಾರೆ ವಿಳಾಸಕ್ಕ ಹೋಗೂ ಹಂಗ ಮಾಡಿಡಬಹುದು. ಒಮ್ಮೆ ಮಾಡಿಟ್ರ ಆತು. ಪಾಸ್‌ವರ್ಡ್ ನೂರು ಸಲ ಬದಲ್ಸು, ಅದು ಹೋಗೂದು ನಿಲ್ಲೂದಿಲ್ಲ."

ಸೊಲ್ಲಾಪುರದಿಂದ ತಿದ್ದಿಸಿಕೊಂಡು ಮೇಲ್‌ನಲ್ಲೇ ಬರುತ್ತಿದ್ದ ಡಿಸೈನುಗಳು ಅವಳ ಕಣ್ಣ ಮುಂದೆ ಬಂದವು. ಮಾರನೆಯ ದಿನ ಶಂಕರೆಪ್ಪನವರ ಕಟ್ಟೆಗೆ ಹೋಗಿ ನಿಂತಳು. ಅವರು ಒಳಗೆ ಬಿಡಲಿಲ್ಲ. ಅವಳು ಬಿಸಿಲಲ್ಲೇ ಕೂತಳು. ಹೋಗುವ ಬರುವವರು ನೋಡಿದರು. ಕೊನೆಗೆ ಶಂಕರೆಪ್ಪನವರೇ ಹೊರಗೆ ಬಂದರು.

"ನಾ ಮುಟ್ಟೂದಿಲ್ರಿ," ಅಂದಳು. "ನೀವ ಮೇಲ್ ತೆಗೀರಿ, ಪಾಸ್‌ವರ್ಡ್ ನಾ ಹೇಳ್ತೇನಿ. ನಾ ಹೇಳಿದಲ್ಲಿ ಒತ್ರಿ. ಏನೂ ಇರಲಿಲ್ಲಂದ್ರ ಮತ್ತ ಈ ಓಣಿಗೆ ಬರೂದಿಲ್ಲ."

ಶಂಕರೆಪ್ಪ ಒಂದೇ ಬೆರಳಿನಿಂದ, ಅವಳು ಹೇಳಿದ ಹಾಗೆ ಒತ್ತುತ್ತ ಹೋದರು. ಸೆಟ್ಟಿಂಗ್ ತೆರೆಯಿತು. ಬರುವ ಪ್ರತಿ ಮೇಲ್‌ನ ನಕಲು ಹೋಗುತ್ತಿದ್ದ ವಿಳಾಸ ಅಲ್ಲಿತ್ತು. ಪಾಸ್‌ವರ್ಡ್ ಮರೆತರೆ ಸಹಾಯಕ್ಕೆಂದು ಕೊಟ್ಟ ವಿಳಾಸವೂ ಅದೇ. ಅದು ಮಧುಮತಿ ಎಂಬ ಹೆಸರಿನಿಂದ ಶುರುವಾಗುತ್ತಿತ್ತು.

ಅದು ಯಾರ ಹೆಸರೆಂದು ಪ್ರತಿಮಾಳಿಗೆ ತಿಳಿಯಲಿಲ್ಲ. ಶಂಕರೆಪ್ಪನವರಿಗೆ ತಿಳಿಯಿತು. ಮಧುಮತಿ ಅವರ ತೀರಿಹೋದ ಹೆಂಡತಿಯ ಹೆಸರು. ಅದೇ ಹೆಸರನ್ನು ಈಶ್ವರ ತನ್ನ ಮಗಳಿಗೆ ಇಟ್ಟಿದ್ದ. ಮೊಮ್ಮಗಳ ಹೆಸರಿನ ಈ ವಿಳಾಸದಿಂದಲೇ ಅವನು ಅವರಿಗೆ ಅವಳ ಫೋಟೋ ಕಳಿಸುತ್ತಿದ್ದ.

"ಈಶ್ವರ," ಅಂದರು ಅವರು, ತಮಗೆ ತಾವೇ ಹೇಳಿಕೊಂಡ ಹಾಗೆ. ಆಮೇಲೆ "ಇದನ್ನ ತಗದ ಹಾಕು" ಅಂದರು. ಪ್ರತಿಮಾ ಕೂತು ಫಾರ್ವರ್ಡ್ ಅಳಿಸಿದಳು, ಸಹಾಯದ ವಿಳಾಸ ತೆಗೆದಳು, ಅವರ ಕೈಯಿಂದಲೇ ಹೊಸ ಪಾಸ್‌ವರ್ಡ್ ಹಾಕಿಸಿದಳು.

"ನಾಳಿಂದ ಕೆಲಸಕ್ಕ ಬಾ. ನಿಮ್ಮವ್ವಗ ನೂಲು ಕಳಸ್ತೇನಿ."

"ಬೀದ್ಯಾಗ ಹೇಳಿದ್ರಿ, ಕನ್ನ ಹಾಕಿದ್ಲು ಅಂತ. ಬೀದ್ಯಾಗ ನಿಂತು ಇದನ್ನೂ ಹೇಳ್ರಿ."

ಶಂಕರೆಪ್ಪ ಕಣ್ಣು ತಗ್ಗಿಸಿದರು. "ಅಳಿಯ ಅಂತ ಹ್ಯಾಂಗ ಹೇಳ್ಲೆವ್ವಾ? ಮಗಳ ಸಂಸಾರ ಐತಿ."

"ಅವನ ಹೆಸರು ಬ್ಯಾಡ್ರಿ. ನಾ ಅಲ್ಲ ಅಂತ ಅಷ್ಟು ಹೇಳ್ರಿ."

"ಹಂಗಾರ ಯಾರು ಅಂತ ಕೇಳ್ತಾರ."

ಅವಳು ಎದ್ದು ಬಂದಳು. ಶಂಕರೆಪ್ಪ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಆ ವಾರ ಮನೆಗೆ ನೂಲು ಬಂತು. ಮುದಕವ್ವ ಇಸಿದುಕೊಂಡಳು. "ಯಾಕ ತಗೊಂಡಿ?" ಎಂದು ಪ್ರತಿಮಾ ಕೂಗಿದಳು. "ಹೊಟ್ಟಿಗೇನು ತಿನ್ನೂನು ಹೇಳು," ಅಂದಳು ಅವ್ವ, ರಾಟೆ ತಿರುಗಿಸುತ್ತಲೇ.

ಮಗ್ಗಗಳಿಲ್ಲದ ಸಾವಳಗಿಯಲ್ಲಿ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯೊಂದರಲ್ಲಿ, ಮುಂದೆ ಅವಳಿಗೆ ಕೆಲಸ ಸಿಕ್ಕಿತು. ಮಾಲಕ ಧರೆಪ್ಪ ಮೊದಲ ದಿನವೇ ಬಿಲ್ ಮಷೀನು ತೋರಿಸಿ, ಅಂಗಡಿಯ ಮೇಲ್ ನೋಡಿಕೊಳ್ಳಲೂ ಹೇಳಿದ.

"ಬಿಲ್ ಮಾಡ್ತೇನ್ರಿ, ಕಸಾ ಬೇಕಾದ್ರೂ ಹೊಡೀತೇನಿ," ಅಂದಳು ಪ್ರತಿಮಾ. "ಮೇಲ್ ಬ್ಯಾಡ್ರಿ."

ಧರೆಪ್ಪ ಕಾರಣ ಕೇಳಿದ. ಗಿರಾಕಿ ಬಂದಿದ್ದರು, ಅವಳು ಬಿಲ್ ಮಾಡಲು ಕೂತಳು.