ಸೀಗೆಕಾಯಿ ತೋರಿಸಿಕೊಟ್ಟ ಎಡಗಣ್ಣು

ಇಂದು ಮಗಳ ತಲೆಗೆ ಸೀಗೆಕಾಯಿ ಹಾಕುವಾಗ, ಆ ಘಾಟಿಗೆ ವಿಜಯನಗರದ ನಮ್ಮ ಹಳೆಯ ಬಚ್ಚಲುಮನೆ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಒಂದು ದಿನ ಅಲ್ಲಿ ನನ್ನ ಬಲಗಣ್ಣಿಗೆ ಸೀಗೆಪುಡಿ ಬಿತ್ತು. ಆ ಕಣ್ಣು ಮುಚ್ಚಿಕೊಂಡು, "ಅಮ್ಮಾ, ಚೊಂಬೆಲ್ಲಿ?" ಎಂದು ತಡಕಾಡಿದೆ. ಚೊಂಬು ಎದುರಿಗೇ ಇತ್ತು, ಎಡಗಣ್ಣೂ ತೆರೆದೇ ಇತ್ತು.

ಅಮ್ಮ ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಬೆರಳೆತ್ತಿ "ಎಷ್ಟು?" ಎಂದಳು. ನನಗೆ ಬರೀ ಮಂಜು. "ಈಗಲೇ ಕಣ್ಣಿನ ಡಾಕ್ಟರಿಗೆ ತೋರಿಸ್ಬೇಕು" ಎಂದಳು.

"ಹೆಣ್ಣು ಮಗು ಕಣೇ, ಕನ್ನಡಕ ಹಾಕ್ಸಿದ್ರೆ ಯಾವ ಗಂಡು ಒಪ್ತಾನೆ?" ಎಂದು ಅಜ್ಜಿ ತಡೆದರು.

"ಬರೋ ಗಂಡು ಇವಳಿಗೆ ಕಾಣಿಸ್ಬೇಕಲ್ಲ ಅತ್ತೆ!" ಎಂದ ಅಮ್ಮ, ಒದ್ದೆ ತಲೆಗೆ ಟವಲ್ ಸುತ್ತಿ ಆಸ್ಪತ್ರೆಗೆ ಆಟೋ ಹತ್ತಿಸಿದಳು.

ಕನ್ನಡಕ ಬಂತು, ಎಡಗಣ್ಣು ಕೆಲಸ ಮಾಡಲೆಂದು ಚೆನ್ನಾಗಿದ್ದ ಬಲಗಣ್ಣಿಗೆ ಪಟ್ಟಿಯೂ ಬಂತು. ನಾನು ಕಿತ್ತೆಸೆದಾಗಲೆಲ್ಲ ಅಮ್ಮ ಮತ್ತೆ ಅಂಟಿಸಿದಳು. ನಿಧಾನವಾಗಿ ಎಡಗಣ್ಣು ನೋಡಲು ಕಲಿಯಿತು.

ಈಗ ಮಗಳ ಒಂದು ಕಣ್ಣು ಮುಚ್ಚಿ ಬೆರಳೆತ್ತಿದೆ.

"ಮತ್ತೆ ಶುರುನಾ ಅಮ್ಮ? ಮೂರು!" ಎಂದು ಗೊಣಗಿದಳು.

ಗೊಣಗಲಿ. ಕೈ ಬದಲಿಸಿ ಇನ್ನೊಂದು ಕಣ್ಣು ಮುಚ್ಚಿದೆ.