ಬಂಟ್ವಾಳದಲ್ಲೂ ನೋಡಿ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಹೆಸರು ಬರೆದರೆ ಯಾರು ಬೇಕಾದರೂ ಹುಡುಕಬಹುದು. ಹುಡುಕುವುದು ಎಷ್ಟು ಸುಲಭ ಎಂದು ನನಗೆ ಗೊತ್ತು, ಏಕೆಂದರೆ ಅದೇ ನನ್ನ ಹೊಟ್ಟೆಪಾಡು.

ಮೂಡುಬಿದಿರೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಆಧಾರ್, ಪಹಣಿ, ಪಾಸ್‌ಪೋರ್ಟ್ ಅರ್ಜಿ, ಹೀಗೆ ಕಂಪ್ಯೂಟರಿನಲ್ಲಿ ಆಗುವ ಕೆಲಸವೆಲ್ಲ ಮಾಡಿಕೊಡುತ್ತೇನೆ. ಕುರ್ಚಿಯ ಹಿಂದೆ ನನ್ನ ಬಿ.ಕಾಂ. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ತೂಗುಹಾಕಿದ್ದೇನೆ. ಕೆಲವರಿಗೆ ಅದು ಜಂಬವಾಗಿ ಕಾಣುತ್ತದೆ. ಜಂಬವೇ. ಅಮ್ಮ ಬೀಡಿ ಕಟ್ಟಿ ನನ್ನನ್ನು ಉಜಿರೆಯ ಕಾಲೇಜಿಗೆ ಕಳಿಸಿದಳು. ನನಗಿಂತ ಮೊದಲು ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವರೇ ಇರಲಿಲ್ಲ. ಇಷ್ಟು ಕಷ್ಟಪಟ್ಟು ಬಂದ ಕಾಗದವನ್ನು ಕಪಾಟಿನ ಒಳಗೆ ಯಾಕೆ ಇಡಬೇಕು?

ಒಂದು ಬೆಳಿಗ್ಗೆ ಪುತ್ತಿಗೆಯ ಹುಡುಗಿಯೊಬ್ಬಳು ತನ್ನ ತಾಯಿಯ ಅಣ್ಣನನ್ನು ಕರೆದುಕೊಂಡು ಬಂದಳು. ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ನನಗೆ ಗುರುತು. ತಂದೆ ಇಲ್ಲ. ತುಳುವಿನಲ್ಲಿ ತಾಯಿಯ ಅಣ್ಣನಿಗೆ ತಮ್ಮಲೆ ಎನ್ನುತ್ತಾರೆ. ಮದುವೆಯ ವಿಷಯದಲ್ಲಿ ಅವರ ಮಾತೇ ಕೊನೆಯದು. ಈ ತಮ್ಮಲೆ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದವರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಯಾರನ್ನೂ ಸುಲಭಕ್ಕೆ ನಂಬದ ಮುಖ. ನಾವೆಲ್ಲ ಆಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಅವರು ಮೊದಲು ನೋಡಿದ್ದು ನನ್ನ ಗೋಡೆಯನ್ನು.

"ಇದು ಯಾವ ದೇವರ ಫೋಟೋ ಮಾರಾಯ್ತಿ, ಹೂ ಹಾಕಲಿಲ್ಲ?"

"ನನ್ನ ಡಿಗ್ರಿ ಅಣ್ಣೇರೆ. ಹೂ ಹಾಕಿದರೆ ನಾನು ಸತ್ತೆ ಅಂತ ತಿಳಿಯುತ್ತಾರೆ."

ಅವರಿಗೆ ನಗು ಬಂತು, ಬಂದ ಕೂಡಲೇ ನುಂಗಿಕೊಂಡರು. ವಿಷಯಕ್ಕೆ ಬಂದರು. ಹುಡುಗಿಗೆ ವೇಣೂರಿನ ಕಡೆಯಿಂದ ಒಂದು ಸಂಬಂಧ ಬಂದಿದೆ. ಗಂಡು ಲಾರಿ ಡ್ರೈವರು. ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಊರಿಗೆ ಹೋಗಿ ವಿಚಾರಿಸುವ ಕ್ರಮ ಉಂಟು. ಅದರಂತೆ ಇವರು ರಿಕ್ಷಾ ಸ್ಟ್ಯಾಂಡಿನಲ್ಲಿ, ಕಟಿಂಗ್ ಶಾಪಿನಲ್ಲಿ, ಹಾಲಿನ ಡೈರಿಯಲ್ಲಿ ಎಲ್ಲ ಕೇಳಿ ಬಂದಿದ್ದಾರೆ. ಎಲ್ಲರೂ ಒಳ್ಳೆಯ ಜನ ಎಂದಿದ್ದಾರೆ. ಅದೇ ಇವರಿಗೆ ಸಂಶಯ.

"ಎಲ್ಲರೂ ಒಳ್ಳೆಯದೇ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅರ್ಥ," ಎಂದರು. "ಪೊಲೀಸು, ಕೇಸು, ಅರೆಸ್ಟು ಎಲ್ಲ ಈಗ ಕಂಪ್ಯೂಟರಿನಲ್ಲಿ ಸಿಗುತ್ತದಂತೆ. ಇವಳೇ ಹೇಳಿದ್ದು, ಅಕ್ಕನ ಅಂಗಡಿಯಲ್ಲಿ ನೋಡುವ ಅಂತ."

ಸಿಗುತ್ತದೆ, ಆದರೆ ಜನ ಎಣಿಸಿದ ಹಾಗೆ ಅಲ್ಲ. ಒಂದು ಹೆಸರು ಒತ್ತಿದರೆ ಆ ಮನುಷ್ಯನ ಪಾಪವೆಲ್ಲ ಸಾಲಾಗಿ ಬಂದು ನಿಲ್ಲುವುದಿಲ್ಲ. ಪೊಲೀಸರ ಎಫ್‌ಐಆರ್ ಬೇಕಾದರೆ ಠಾಣೆ, ವರ್ಷ ಗೊತ್ತಿರಬೇಕು. ಜೈಲಿನೊಳಗೆ ಯಾರಿದ್ದಾರೆ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಹೆಸರಿನಿಂದ ಹುಡುಕಬಹುದಾದದ್ದು ಕೋರ್ಟಿನ ಕೇಸು. ಅದನ್ನೂ ಒಂದೊಂದೇ ಊರಿನ ಕೋರ್ಟು ಆರಿಸಿ, ಒಂದೊಂದೇ ವರ್ಷ ಹಾಕಿ ನೋಡಬೇಕು. ಅದೇ ಹೆಸರಿನ ಬೇರೆ ಜನರೂ ಬರುತ್ತಾರೆ. ತಂದೆಯ ಹೆಸರು, ಊರು ತಾಳೆ ನೋಡದೆ ಬಾಯಿ ತೆರೆಯಬಾರದು. ಇದನ್ನೆಲ್ಲ ಹೇಳಿದೆ. ಅವರು ಕೊಡೆಯನ್ನು ಕುರ್ಚಿಗೆ ಸಿಕ್ಕಿಸಿ ಗಟ್ಟಿಯಾಗಿ ಕೂತರು.

ವೇಣೂರು ಬೆಳ್ತಂಗಡಿ ತಾಲೂಕಿಗೆ ಸೇರಿದ್ದು. ಬೆಳ್ತಂಗಡಿಯ ಕೋರ್ಟು ಹಾಕಿ ವರ್ಷ ಬದಲಿಸುತ್ತ ಹೋದೆ. ಅದೇ ಹೆಸರಿನ ಇಬ್ಬರು ಬಂದರು. ಇಬ್ಬರ ತಂದೆಯೂ ಬೇರೆ. ಮೂಡುಬಿದಿರೆಯಲ್ಲಿ ನೋಡಿದೆ. ಏನೂ ಇಲ್ಲ.

"ಇಲ್ಲ ಅಣ್ಣೇರೆ."

ಅವರ ಮುಖ ಸಡಿಲಾಯಿತು. "ಹಾಗಾದರೆ ಡೈರಿಯವನು ಹೇಳಿದ್ದು ಸತ್ಯವೇ," ಎಂದು ಎದ್ದರು. ಕೊಡೆ ಕೈಗೆ ಬಂತು.

ಹುಡುಗಿ ಏಳಲಿಲ್ಲ. "ಅಕ್ಕ, ಬಂಟ್ವಾಳದಲ್ಲೂ ನೋಡಿ," ಎಂದಳು.

"ಅಲ್ಲಿಗೂ ಅವನಿಗೂ ಏನು ಸಂಬಂಧ?" ತಮ್ಮಲೆ ಕೇಳಿದರು.

"ನೋಡಲಿ. ನೋಡಿದರೆ ಏನು ನಷ್ಟ?"

ನೋಡಿದೆ. ಬಂತು. ಅದೇ ಹೆಸರು, ಅದೇ ತಂದೆ, ವೇಣೂರು. ಎದುರು ಪಾರ್ಟಿ ಸರ್ಕಾರ. ಕೇಸು ಮುಗಿದಿಲ್ಲ. ಸೆಕ್ಷನ್ನಿನ ಸಂಖ್ಯೆ ನೋಡಿ ನನ್ನ ಬೆರಳು ಮೌಸಿನ ಮೇಲೆಯೇ ನಿಂತಿತು. ಅದು ಕಳವಿನ ಸೆಕ್ಷನ್ನು.

ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಅಪ್ಪ. ನಾನು ಸಣ್ಣವಳಿದ್ದಾಗ ಯಾರದೋ ತೋಟದ ತೆಂಗಿನಕಾಯಿ ಕದ್ದನೆಂದು ಅವನನ್ನು ಠಾಣೆಗೆ ಕರೆದೊಯ್ದು ಸಂಜೆಯವರೆಗೆ ಕೂರಿಸಿದ್ದರು. ಕದ್ದವನು ಬೇರೆಯವನು ಎಂದು ಆಮೇಲೆ ತಿಳಿಯಿತು. ಸ್ವಲ್ಪ ಕಾಲ ಜನ ಮಾತಾಡಿಕೊಂಡರು, ಮತ್ತೆ ಮರೆತರು. ನಾನು ಕಾಲೇಜಿಗೆ ಸೇರುವಾಗ ಅದನ್ನು ಯಾರೂ ಎತ್ತಲಿಲ್ಲ. ಅಪ್ಪನ ಆ ಸಂಜೆ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಊರಿಗೆ ಮರೆವು ಇದ್ದದ್ದರಿಂದ ನಾವು ತಲೆಯೆತ್ತಿ ನಡೆದೆವು. ಈ ಪರದೆಗೆ ಮರೆವು ಇಲ್ಲ.

ಆದರೂ ಕೇಳಿದವರಿಗೆ ಸುಳ್ಳು ಹೇಳಲಾರೆ. ಇದ್ದದ್ದನ್ನು ಹೇಳಿದೆ.

"ಕಳವಾ?" ತಮ್ಮಲೆಯ ಸ್ವರ ಏರಿತು. "ಕಳ್ಳನಿಗೆ ಕೊಡುವುದಾ ನಮ್ಮ ಹುಡುಗಿಯನ್ನು? ಜೈಲಿಗೂ ಹೋಗಿದ್ದಾನೋ ಏನೋ!"

"ಹೋಗಿದ್ದಾರೆ," ಎಂದಳು ಹುಡುಗಿ. "ಜಾಮೀನು ಸಿಗುವವರೆಗೆ ಮಂಗಳೂರಿನ ಜೈಲಿನಲ್ಲಿದ್ದರು. ನನಗೆ ಗೊತ್ತುಂಟು ತಮ್ಮಲೆ."

ಅವರು ಕೊಡೆಯನ್ನು ಮತ್ತೆ ಕುರ್ಚಿಗೆ ಸಿಕ್ಕಿಸಿದರು.

ಹೆಣ್ಣು ನೋಡಲು ಬಂದ ದಿನವೇ, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದ ಹುಡುಗ, ಟವೆಲು ಕೊಡಲು ಬಂದ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದನಂತೆ. ಪರ್ಮಿಟ್ ಇಲ್ಲದ ಮರಳು ತುಂಬಿಸಿ ಧಣಿ ಲಾರಿ ಕಳಿಸಿದ್ದ. ಬಂಟ್ವಾಳದ ಕಡೆ ಪೊಲೀಸರು ಹಿಡಿದರು. ಹೊಳೆಯ ಮರಳು ಸರ್ಕಾರದ್ದು, ಆದ್ದರಿಂದ ಕಳವು. ಧಣಿ ಫೋನ್ ಎತ್ತಲಿಲ್ಲ. ಸ್ಟಿಯರಿಂಗ್ ಹಿಡಿದವನು ಇವನು. "ಬೇಡ ಅಂತ ಆದರೆ ನೀವೇ ಹೇಳಿ, ಕಾರಣ ಯಾರಿಗೂ ಹೇಳಬೇಕು ಅಂತಿಲ್ಲ," ಎಂದಿದ್ದನಂತೆ.

"ಗೊತ್ತಿದ್ದೂ ನನ್ನನ್ನು ಇಲ್ಲಿಗೆ ಯಾಕೆ ಕರೆದುಕೊಂಡು ಬಂದೆ?"

"ನಾನು ಹೇಳಿದರೆ ಅವನ ಪರ ಮಾತಾಡ್ತಾಳೆ ಅಂತ ಹೇಳ್ತಿದ್ದಿರಿ. ಮದುವೆ ಆದ ಮೇಲೆ ಯಾರಾದರೂ ಫೋನಿನಲ್ಲಿ ತೋರಿಸಿದರೆ ಮೋಸ ಆಯ್ತು ಅಂತ ಹೇಳ್ತಿದ್ದಿರಿ. ಈಗ ನೀವೇ ನೋಡಿದಿರಿ."

"ನೋಡಿದೆ. ಕಳವು ಅಂತ ನೋಡಿದೆ."

"ತಮ್ಮಲೆ, ಹೋದ ವರ್ಷ ನಿಮ್ಮ ಮನೆಗೆ ಮೇಲೆ ಮಾಳಿಗೆ ಹಾಕಿದಿರಲ್ಲ, ಆ ಮರಳಿಗೆ ಪರ್ಮಿಟ್ ಇತ್ತಾ?"

"ಅದು ಬೇರೆ, ಇದು ಬೇರೆ."

"ಬಿಲ್ಲು ಉಂಟಾ?"

ಅವರು ನನ್ನ ಕಡೆ ತಿರುಗಿದರು. "ಈ ಪ್ರಾಯದ ಹುಡುಗಿಯರ ಬಾಯಿ ನೋಡಿ ಮಾರಾಯ್ತಿ," ಎಂದರು. ನಾನು ಪರದೆ ನೋಡುತ್ತ ಕೂತೆ. ನನ್ನ ಮನೆಯ ಬಚ್ಚಲು ಕಟ್ಟಿಸಿದ ಮರಳಿನ ಬಿಲ್ಲು ನನ್ನ ಹತ್ತಿರವೂ ಇರಲಿಲ್ಲ.

ತಮ್ಮಲೆ ಪರದೆಯ ಹತ್ತಿರ ಬಗ್ಗಿ, "ಮುಂದಿನ ತಾರೀಕು ಯಾವಾಗ ಅಂತ ಬರೆದಿದ್ದಾರಾ?" ಎಂದು ಕೇಳಿದರು. ಹೇಳಿದೆ.

"ಊರಲ್ಲಿ ಕೇಳಿದ್ದಾಯ್ತು, ಕಂಪ್ಯೂಟರಿನಲ್ಲಿ ನೋಡಿದ್ದಾಯ್ತು. ಇನ್ನು ಕಣ್ಣಿನಲ್ಲಿ ನೋಡುವ. ನೀವೂ ಬನ್ನಿ ಮಾರಾಯ್ತಿ. ನಾನು ಈವರೆಗೆ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಆದರೆ," ಹುಡುಗಿಯ ಕಡೆ ಬೆರಳು ತೋರಿಸಿದರು, "ಇವಳು ಅವನಿಗೆ ಹೇಳಬಾರದು."

ಆ ತಾರೀಕಿನ ದಿನ ಅಂಗಡಿ ಮುಚ್ಚಿ ಹೋದೆ. ನಾನು, ತಮ್ಮಲೆ ಇಬ್ಬರೇ ಸಿದ್ದಕಟ್ಟೆಯ ಮೇಲೆ ಹೋಗುವ ಬಸ್ಸು ಹತ್ತಿದೆವು. ಬಂಟ್ವಾಳದ ಕೋರ್ಟು ಇರುವುದು ಬಿ.ಸಿ. ರೋಡಿನಲ್ಲಿ, ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆವು. ಹುಡುಗ ಬಾಗಿಲ ಪಕ್ಕದಲ್ಲಿ ಒಬ್ಬನೇ ನಿಂತಿದ್ದ. ಇಸ್ತ್ರಿ ಹಾಕಿದ ಶರ್ಟು, ಬಿಸಿಲಿಗೆ ಸುಟ್ಟ ಮುಂಗೈ. ಅವನ ಕಣ್ಣು ಹೆಸರು ಕೂಗುವವರ ಬಾಯಿಯ ಮೇಲೆಯೇ ಇತ್ತು. ಹೆಸರು ಕೂಗಿದ ಕೂಡಲೇ ಮುಂದೆ ಹೋಗಿ ಕೈಕಟ್ಟಿ ನಿಂತ. ವಕೀಲರು ಏನೋ ಹೇಳಿದರು, ಇನ್ನೊಂದು ತಾರೀಕು ಕೊಟ್ಟರು, ಮುಗಿಯಿತು. ಧಣಿಯ ಕಡೆಯಿಂದ ಯಾರೂ ಬಂದಂತೆ ಕಾಣಲಿಲ್ಲ.

ತಿರುಗಿದವನಿಗೆ ತಮ್ಮಲೆ ಕಂಡರು. ವರಾಂಡಕ್ಕೆ ಬಂದವನಿಗೆ ಕೈ ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

"ಮಾವ, ನೀವು ಇಲ್ಲಿ?"

"ಹೆಣ್ಣು ನೋಡಲಿಕ್ಕೆ ನೀನು ನಮ್ಮ ಮನೆಗೆ ಬಂದೆ. ಗಂಡು ನೋಡಲಿಕ್ಕೆ ನಾನು ಕೋರ್ಟಿಗೆ ಬಂದೆ."

ಎದುರಿನ ಹೋಟೆಲಿನಲ್ಲಿ ಗೋಳಿಬಜೆ, ಚಾ ಹೇಳಿದರು. ಹುಡುಗ ಮುಟ್ಟಲಿಲ್ಲ. ತಮ್ಮಲೆ ಒಂದು ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿ ತಿಂದು ಮುಗಿಸಿ ಕೇಳಿದರು:

"ಪೊಲೀಸರು ಬರುವಾಗ ಲಾರಿ ಬಿಟ್ಟು ಓಡುತ್ತಾರಂತೆ ಈ ಮರಳಿನವರೆಲ್ಲ. ನೀನು ಯಾಕೆ ಓಡಲಿಲ್ಲ?"

ಹುಡುಗ ಯೋಚಿಸಿ, "ಓಡಬೇಕು ಅಂತ ಹೊಳೆಯಲೇ ಇಲ್ಲ ಮಾವ," ಎಂದ.

ತಮ್ಮಲೆಗೆ ಈ ಸಲ ನಗು ತಡೆಯಲಾಗಲಿಲ್ಲ. "ಈ ಬುದ್ಧಿಗೆ ನಮ್ಮ ಹುಡುಗಿಯೇ ಬೇಕು. ಅವಳಿಗೆ ಎಲ್ಲ ಮೊದಲೇ ಹೊಳೆಯುತ್ತದೆ," ಎಂದರು. ಮತ್ತೆ ಸ್ವರ ತಗ್ಗಿಸಿ, "ಈಗ ಎಂತ ಓಡಿಸ್ತಿ?"

"ಹಾಲಿನ ವ್ಯಾನು. ಬೆಳ್ತಂಗಡಿ ಲೈನ್."

"ಹಾಲಿಗೆ ಪರ್ಮಿಟ್ ಬೇಡ ಅಲ್ವಾ?"

ಹುಡುಗ ಆಗ ಒಂದು ಗೋಳಿಬಜೆ ಎತ್ತಿಕೊಂಡ.

ಕೇಸು ಇನ್ನೂ ನಡೆಯುತ್ತಿದೆ. ನಾಳೆ ಯಾರಾದರೂ ಹುಡುಕಿದರೆ ಅವನ ಹೆಸರು, ಆ ಸೆಕ್ಷನ್ನು ಕಾಣಿಸುತ್ತದೆ. ನಲ್ಲಿಯ ಹತ್ತಿರ ಆಡಿದ ಮಾತಾಗಲಿ, ಇಸ್ತ್ರಿ ಹಾಕಿದ ಶರ್ಟಾಗಲಿ ಅಲ್ಲಿ ಕಾಣಿಸುವುದಿಲ್ಲ. ಅದಕ್ಕೇ, ಹೀಗೆ ಹುಡುಕಿಸಲು ಬಂದವರಿಗೆ ನಾನು ಈಗ ಪ್ರಿಂಟ್ ಕೊಡುವಾಗ ಮುಂದಿನ ತಾರೀಕನ್ನೂ ತೋರಿಸುತ್ತೇನೆ. "ಬೇಕಾದರೆ ಹೋಗಿ ನೋಡಿ ಬನ್ನಿ" ಎನ್ನುತ್ತೇನೆ. ಹೋಗುವವರು ಕಡಿಮೆ.

ಕೆಲವು ವಾರ ಕಳೆದು ತಮ್ಮಲೆ ಒಬ್ಬರೇ ಅಂಗಡಿಗೆ ಬಂದರು. ಕೊಡೆಯನ್ನು ಕುರ್ಚಿಗೆ ಸಿಕ್ಕಿಸಿ, ಜೇಬಿನಿಂದ ಪಂಚಾಂಗದ ಪುಟವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು.

"ಆ ಬಂಟ್ವಾಳದ್ದು ಇನ್ನೊಮ್ಮೆ ನೋಡಿ ಮಾರಾಯ್ತಿ. ಭಟ್ಟರು ಎರಡು ಮುಹೂರ್ತ ಕೊಟ್ಟಿದ್ದಾರೆ. ಅವನ ತಾರೀಕು ಯಾವ ದಿನ ಬೀಳುತ್ತದೆ ಅಂತ ಹೇಳಿ. ಮದುಮಗನನ್ನು ಆ ದಿನ ಕೋರ್ಟಿನಲ್ಲಿ ಕೂಗಬಾರದಲ್ಲ?"